ಚರ ಮತ್ತು ಸ್ಥಿರ: ಏಡಾ ಲವ್‌ಲೇಸಳ ಜೀವನ ಮತ್ತು ಸಾಧನೆ

ಗಣಕಯಂತ್ರಕ್ಕೆ ಕ್ರಮವಿಧಿಯನ್ನು ರಚಿಸುವವರು ಚರ, ಸ್ಥಿರಾಂಕ ಎಂಬ ಎರಡು ಪದಗಳನ್ನು ನಿತ್ಯವೂ ಬಳಸುತ್ತಾರೆ. ಕಾರ್ಯ ನಡೆಯುತ್ತಿರುವಾಗ ಯಾವುದರ ಬೆಲೆ ಬದಲಾಗಬಹುದೋ ಅದು ಚರ. ಯಾವುದರ ಬೆಲೆ ಮೊದಲಿನಿಂದ ಕೊನೆಯವರೆಗೆ ಒಂದೇ ಆಗಿ ಉಳಿಯಬೇಕೋ ಅದು ಸ್ಥಿರಾಂಕ. ಕೇಳುವುದಕ್ಕೆ ಇದು ಬಹು ಸರಳವಾದ ಮಾತು. ಆದರೆ ಯಂತ್ರದ ಒಳಗೆ ಒಂದು ಸಂಖ್ಯೆ ಏಕೆ ಬದಲಾಗುತ್ತದೆ, ಬದಲಾದುದನ್ನು ಹೇಗೆ ಗುರುತಿಸಬೇಕು, ಬದಲಾಗಬಾರದುದನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗಳು ಸರಳವಲ್ಲ. ಸ್ಥಾವರ, ಜಂಗಮ ಎಂಬ ಪದಗಳ ನಡುವೆ ಬೆಳೆದ ಕನ್ನಡಿಗರಿಗೆ ನಿಲ್ಲುವುದು ಯಾವುದು, ನಡೆಯುವುದು ಯಾವುದು ಎಂಬ ವಿವೇಚನೆ ಹೊಸದೇನೂ ಅಲ್ಲ. ಗಣಿತಯಂತ್ರದ ವಿಷಯದಲ್ಲಿ ಈ ವಿವೇಚನೆಯನ್ನು ಮೊಟ್ಟಮೊದಲು ಮುದ್ರಿತ ಪುಟಗಳಲ್ಲಿ ವಿಸ್ತಾರವಾಗಿ ನಿರೂಪಿಸಿದ ಕೀರ್ತಿ ಇಂಗ್ಲೆಂಡಿನ ಓರ್ವ ಮಹಿಳೆಗೆ ಸಲ್ಲುತ್ತದೆ. ಆಕೆ ಅದನ್ನು ಬರೆದದ್ದು 1843ರಲ್ಲಿ. ಆಗ ಆಕೆಗೆ 27 ವರ್ಷ ವಯಸ್ಸು. ಆಕೆ ವರ್ಣಿಸಿದ ಯಂತ್ರ ಆಗ ಇರಲಿಲ್ಲ; ಆಕೆಯ ಜೀವಿತಕಾಲದಲ್ಲಿ ಅದು ನಿರ್ಮಾಣವಾಗಲೂ ಇಲ್ಲ. ಆ ಮಹಿಳೆಯೇ ಏಡಾ ಲವ್‌ಲೇಸ್.

ಜನನ ಮತ್ತು ಬಾಲ್ಯ

ಅಗಸ್ಟಾ ಏಡಾ ಬೈರನ್ 1815ನೆಯ ಡಿಸೆಂಬರ್ 10ರಂದು ಲಂಡನ್ ನಗರದಲ್ಲಿ ಜನಿಸಿದಳು. ತಂದೆ ಲಾರ್ಡ್ ಬೈರನ್ ಅಂದಿನ ಯುರೋಪಿನಲ್ಲೆಲ್ಲ ಹೆಸರಾಗಿದ್ದ ಕವಿ. ತಾಯಿ ಆನಬೆಲ್ಲಾ ಮಿಲ್‌ಬ್ಯಾಂಕ್ ಶ್ರೀಮಂತ ಮನೆತನದವಳು. ಗಣಿತದಲ್ಲಿ ಆಸಕ್ತಿಯುಳ್ಳ, ಕಟ್ಟುನಿಟ್ಟಿನ ಸ್ವಭಾವದ ಸ್ತ್ರೀ. ಈ ದಾಂಪತ್ಯ ಬಾಳಿದ್ದು ಸುಮಾರು ಒಂದು ವರ್ಷ ಮಾತ್ರ. ಮಗು ಹುಟ್ಟಿದ ಐದಾರು ವಾರಗಳಲ್ಲಿಯೇ ತಾಯಿ ಅದನ್ನೆತ್ತಿಕೊಂಡು ತವರಿಗೆ ನಡೆದಳು. 1816ರ ಏಪ್ರಿಲ್ ತಿಂಗಳಲ್ಲಿ ಬೈರನ್ ಇಂಗ್ಲೆಂಡನ್ನು ತೊರೆದವನು ಮತ್ತೆ ಹಿಂತಿರುಗಲಿಲ್ಲ. 1824ರಲ್ಲಿ, ತನ್ನ 36ನೆಯ ವಯಸ್ಸಿನಲ್ಲಿ, ಆತ ಗ್ರೀಸ್ ದೇಶದಲ್ಲಿ ಮರಣಹೊಂದಿದ. ತಂದೆಯ ಮುಖವನ್ನು ಅರಿಯದೆ ಬೆಳೆದ ಮಗಳಿಗೆ ಆತನ ಭಾವಚಿತ್ರವನ್ನೂ ತಾಯಿ ಬಹುಕಾಲ ತೋರಿಸಲಿಲ್ಲ.

ಕವಿಯಾದ ಗಂಡನ ಉದ್ವೇಗ, ಅಸ್ಥಿರತೆಗಳು ಮಗಳಲ್ಲಿ ತಲೆದೋರಬಾರದೆಂಬುದು ತಾಯಿಯ ದೃಢಸಂಕಲ್ಪ. ಅದಕ್ಕೆ ಗಣಿತವೇ ತಕ್ಕ ಔಷಧವೆಂದು ಆಕೆ ನಂಬಿದಳು. ಹೆಣ್ಣುಮಕ್ಕಳಿಗೆ ಸಂಗೀತ, ಕಸೂತಿ, ಫ್ರೆಂಚ್ ಭಾಷೆಗಳೇ ಸಾಕೆಂದು ಎಣಿಸುತ್ತಿದ್ದ ಆ ಕಾಲದಲ್ಲಿ ಏಡಾಳಿಗೆ ಎಳವೆಯಿಂದಲೇ ಅಂಕಗಣಿತ, ರೇಖಾಗಣಿತಗಳ ಪಾಠವಾಯಿತು. ಆದರೆ ಕಲ್ಪನಾಶಕ್ತಿ ಅಳಿಯಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಾಲಕಿ ಹಕ್ಕಿಗಳ ರೆಕ್ಕೆಗಳನ್ನು ಪರೀಕ್ಷಿಸಿ, ಅಳತೆಮಾಡಿ, ಉಗಿಯ ಬಲದಿಂದ ಹಾರುವ ಯಂತ್ರವೊಂದನ್ನು ಯೋಚಿಸುತ್ತಿದ್ದಳು. 1829ರಲ್ಲಿ ದಡಾರ ರೋಗಕ್ಕೆ ತುತ್ತಾಗಿ ಆಕೆಯ ಕಾಲುಗಳು ಶಕ್ತಿಗುಂದಿದವು. ಬಹುಕಾಲ ಹಾಸಿಗೆಯಲ್ಲಿದ್ದು, ಆಮೇಲೆ ಊರೆಗೋಲಿನ ಆಧಾರದಿಂದ ನಡೆಯಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ.

ಬ್ಯಾಬೇಜನ ಪರಿಚಯ

1833ರ ಜೂನ್ ತಿಂಗಳಲ್ಲಿ ಹದಿನೇಳರ ತರುಣಿ ಏಡಾಳಿಗೆ ಚಾರ್ಲ್ಸ್ ಬ್ಯಾಬೇಜನ ಪರಿಚಯವಾಯಿತು. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಗಣಿತ ಪ್ರಾಧ್ಯಾಪಕ ಪೀಠದಲ್ಲಿದ್ದ ಬ್ಯಾಬೇಜನು ತನ್ನ ಲಂಡನ್ ಮನೆಯಲ್ಲಿ ವ್ಯತ್ಯಾಸ ಯಂತ್ರವೆಂಬ ಗಣಿತಯಂತ್ರದ ಒಂದು ಭಾಗವನ್ನು ಜೋಡಿಸಿಟ್ಟಿದ್ದ. ಹಿತ್ತಾಳೆಯ ಹಲ್ಲುಗಾಲಿಗಳಿಂದ ಕೂಡಿದ ಆ ಯಂತ್ರದ ಹಿಡಿಯನ್ನು ತಿರುಗಿಸಿದರೆ ಕೋಷ್ಟಕದ ಸಂಖ್ಯೆಗಳು ಒಂದರ ಬಳಿಕ ಒಂದಾಗಿ ಮೂಡುತ್ತಿದ್ದವು. ಅತಿಥಿಗಳಲ್ಲಿ ಹಲವರು ಅದನ್ನು ಚೋದ್ಯವೆಂದು ನೋಡಿ ಹೋಗುತ್ತಿದ್ದರು. ಏಡಾ ಮಾತ್ರ ಅದು ಕೆಲಸ ಮಾಡುವ ಬಗೆಯನ್ನೇ ಅರಿಯಬಯಸಿದಳು.

ವ್ಯತ್ಯಾಸ ಯಂತ್ರಕ್ಕೆ ಒಂದೇ ಬಗೆಯ ಕೆಲಸ ಗೊತ್ತಿತ್ತು: ಕೂಡುವುದು, ಮತ್ತೆ ಕೂಡುವುದು. 1834ರ ವೇಳೆಗೆ ಬ್ಯಾಬೇಜನ ಮನಸ್ಸು ಅದಕ್ಕಿಂತ ಬಹಳ ಮುಂದಕ್ಕೆ ಸಾಗಿತು. ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಿಯೆಗಳನ್ನು ಬೇಕಾದ ಕ್ರಮದಲ್ಲಿ ನಡೆಸಬಲ್ಲ ವಿಶ್ಲೇಷಕ ಯಂತ್ರವೊಂದನ್ನು ಆತ ಕಲ್ಪಿಸಿದ. ಅದೇ ಅವಧಿಯಲ್ಲಿ ವಿದುಷಿ ಮೇರಿ ಸಾಮರ್‌ವಿಲ್ ಏಡಾಳ ಗಣಿತಾಭ್ಯಾಸಕ್ಕೆ ಮಾರ್ಗದರ್ಶಕಳಾದಳು.

ವಿವಾಹ ಮತ್ತು ವ್ಯಾಸಂಗ

1835ರ ಜುಲೈ 8ರಂದು ವಿಲಿಯಂ ಕಿಂಗ್ ಎಂಬ ಸರದಾರನೊಡನೆ ಏಡಾಳ ವಿವಾಹವಾಯಿತು. 1836, 1837, 1839ರಲ್ಲಿ ಕ್ರಮವಾಗಿ ಮೂವರು ಮಕ್ಕಳಾದರು. 1838ರಲ್ಲಿ ಪತಿಗೆ ಲವ್‌ಲೇಸ್ ಅರ್ಲ್ ಪದವಿ ಬಂದಿತು. ಅಂದಿನಿಂದ ಆಕೆ ಲವ್‌ಲೇಸ್ ಕೌಂಟೆಸ್. ಸಂಸಾರ, ಜಹಗೀರು, ಅತಿಥಿಸತ್ಕಾರ ಇವುಗಳ ಮಧ್ಯೆಯೂ ಆಕೆಯ ಗಣಿತತೃಷೆ ಇಂಗಲಿಲ್ಲ. 1840ರಿಂದ ಅಗಸ್ಟಸ್ ಡಿ ಮಾರ್ಗನ್ ಎಂಬ ಖ್ಯಾತ ಗಣಿತಜ್ಞ ಆಕೆಗೆ ಅಂಚೆಯ ಮೂಲಕ ಪಾಠ ಹೇಳತೊಡಗಿದ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ಈತ ಹುಟ್ಟಿದ್ದು ಭಾರತದಲ್ಲಿ, 1806ರಲ್ಲಿ, ಮಧುರೆಯಲ್ಲಿ.

ಗುರುಶಿಷ್ಯರ ಆ ಪತ್ರವ್ಯವಹಾರ ಇಂದಿಗೂ ಉಳಿದಿದೆ. ಅರ್ಥವಾಗದ ಸಮೀಕರಣವನ್ನು ಕಂಠಪಾಠ ಮಾಡಿ ಮುಂದೆ ಸಾಗುವ ಶಿಷ್ಯೆ ಆಕೆಯಲ್ಲ ಎಂಬುದಕ್ಕೆ ಆ ಪತ್ರಗಳೇ ಸಾಕ್ಷಿ. ಬೀಜಗಣಿತವನ್ನು ಕಲಿಯುವವರೆಲ್ಲರಿಗೂ ಒಂದು ತೊಡಕು ಎದುರಾಗುತ್ತದೆ. ಒಂದೇ ಬಗೆಯ ಅಕ್ಷರ ಒಂದು ಕಡೆ ಗೊತ್ತಿಲ್ಲದ ಒಂದು ನಿರ್ದಿಷ್ಟ ಸಂಖ್ಯೆಯನ್ನು ಸೂಚಿಸುತ್ತದೆ. ಇನ್ನೊಂದು ಕಡೆ ಯಾವ ಸಂಖ್ಯೆಯಾದರೂ ಆಗಬಹುದಾದ ರಾಶಿಯನ್ನು ಸೂಚಿಸುತ್ತದೆ. ಮತ್ತೊಂದು ಕಡೆ, ಈ ಲೆಕ್ಕ ಮುಗಿಯುವವರೆಗೆ ಬದಲಾಗದೆ ನಿಂತ ರಾಶಿಯನ್ನು ಸೂಚಿಸುತ್ತದೆ. ವೃತ್ತದ ಕ್ಷೇತ್ರಫಲವನ್ನು ಕಾಣುವಾಗ ತ್ರಿಜ್ಯ ವೃತ್ತದಿಂದ ವೃತ್ತಕ್ಕೆ ಬದಲಾಗುತ್ತದೆ. ಪೈ ಮಾತ್ರ ಎಲ್ಲ ವೃತ್ತಗಳಿಗೂ ಒಂದೇ. ಇಂತಹ ಭೇದಗಳನ್ನು ಬುಡಮಟ್ಟ ಅರಿಯದೆ ಮುಂದಡಿ ಇಡಲೊಲ್ಲದ ಮನೋಧರ್ಮವೇ ಮುಂದೆ ಆಕೆಯನ್ನು ಯಂತ್ರದ ಮರ್ಮಕ್ಕೆ ಕೊಂಡೊಯ್ದಿತು.

ಉಗ್ರಾಣ ಮತ್ತು ಗಿರಣಿ

ಬ್ಯಾಬೇಜನ ವಿಶ್ಲೇಷಕ ಯಂತ್ರದಲ್ಲಿ ಎರಡು ಮುಖ್ಯ ಭಾಗಗಳಿದ್ದವು. ಸಂಖ್ಯೆಗಳನ್ನು ಇಟ್ಟುಕೊಳ್ಳುವ ಭಾಗಕ್ಕೆ ಉಗ್ರಾಣವೆಂದೂ, ಅವುಗಳ ಮೇಲೆ ಗಣಿತಕ್ರಿಯೆಗಳನ್ನು ನಡೆಸುವ ಭಾಗಕ್ಕೆ ಗಿರಣಿಯೆಂದೂ ಅರ್ಥ ಬರುವ ಹೆಸರುಗಳನ್ನು ಆತ ಇಟ್ಟಿದ್ದ. ಉಗ್ರಾಣದಲ್ಲಿ ಒಂದರ ಪಕ್ಕದಲ್ಲೊಂದು ನಿಂತ ಸ್ತಂಭಗಳು. ಒಂದೊಂದು ಸ್ತಂಭದಲ್ಲಿಯೂ ಒಂದರ ಮೇಲೊಂದು ಜೋಡಿಸಿದ ಅಂಕಿಗಾಲಿಗಳು. ಕೆಳಗಿನ ಗಾಲಿ ಬಿಡಿಸ್ಥಾನಕ್ಕೆ, ಅದರ ಮೇಲಿನದು ಹತ್ತರ ಸ್ಥಾನಕ್ಕೆ, ಹೀಗೆ ಮೇಲಕ್ಕೆ. ಗಾಲಿಗಳನ್ನು ತಿರುಗಿಸಿದಂತೆ ಸ್ತಂಭದ ಸಂಖ್ಯೆ ಬದಲಾಗುತ್ತದೆ. ಆದ್ದರಿಂದಲೇ ಈ ಸ್ತಂಭಗಳಿಗೆ ಚರಗಳು ಎಂಬ ಹೆಸರು ಬಂದಿತು.

ಯಾವ ಕ್ರಿಯೆ ನಡೆಯಬೇಕು, ಯಾವ ಸ್ತಂಭದಿಂದ ಸಂಖ್ಯೆಯನ್ನು ತರಬೇಕು, ಫಲವನ್ನು ಯಾವ ಸ್ತಂಭದಲ್ಲಿ ಇಡಬೇಕು ಎಂಬುದನ್ನು ರಂಧ್ರಗಳುಳ್ಳ ರಟ್ಟಿನ ಪಟ್ಟಿಗಳು ತಿಳಿಸುತ್ತಿದ್ದವು. ಫ್ರಾನ್ಸಿನ ಜಕಾರ್ಡ್ ಮಗ್ಗವೇ ಇದಕ್ಕೆ ಮಾದರಿ. ರೇಷ್ಮೆ ಸೀರೆಯ ಅಂಚು, ಸೆರಗುಗಳಲ್ಲಿ ಹೂಬಳ್ಳಿಗಳನ್ನು ನೇಯುವ ನೇಕಾರರಿಗೆ ಈ ಮಗ್ಗ ಸುಪರಿಚಿತ. ಪಟ್ಟಿಯಲ್ಲಿ ರಂಧ್ರವಿದ್ದ ಕಡೆ ಎಳೆ ಏಳುತ್ತದೆ, ಇಲ್ಲದ ಕಡೆ ಏಳುವುದಿಲ್ಲ. ಪಟ್ಟಿಗಳ ಸರಪಣಿ ಬದಲಾದರೆ ನೇಯ್ಗೆಯ ಚಿತ್ರವೂ ಬದಲಾಗುತ್ತದೆ. ಅಂತೆಯೇ ಪಟ್ಟಿಗಳನ್ನು ಬದಲಿಸಿದರೆ ವಿಶ್ಲೇಷಕ ಯಂತ್ರ ಬೇರೊಂದು ಲೆಕ್ಕವನ್ನು ಮಾಡುತ್ತದೆ.

ಹೆಸರಿನಲ್ಲಿ ಎಲ್ಲ ಸ್ತಂಭಗಳೂ ಚರಗಳೇ. ಆದರೆ ಎಲ್ಲ ಸಂಖ್ಯೆಗಳೂ ಬದಲಾಗಬೇಕಾದವುಗಳಲ್ಲ. ದಾಸೋಹದ ಉಗ್ರಾಣದಲ್ಲಿ ಅಕ್ಕಿಯ ಕಣಜವೂ ಇರುತ್ತದೆ, ಅಳೆಯುವ ಸೇರೂ ಇರುತ್ತದೆ. ಕಣಜದ ಅಕ್ಕಿ ದಿನದಿನಕ್ಕೂ ಏರಿಳಿಯುತ್ತದೆ; ಏರಿಳಿಯದಿದ್ದರೆ ಅನ್ನ ಬೇಯುವುದೆಂತು? ಸೇರು ಮಾತ್ರ ಇಂದು ಎಷ್ಟೋ ನಾಳೆಯೂ ಅಷ್ಟೇ. ಎರಡೂ ಒಂದೇ ಸೂರಿನ ಕೆಳಗಿವೆ. ಸೇರಿನ ಬಾಯಂಚನ್ನು ಯಾರಾದರೂ ಅರಿಯದೆ ಸವೆಸಿದರೆ ಅಂದಿನಿಂದ ಅಳೆದ ಪ್ರತಿಯೊಂದು ಲೆಕ್ಕವೂ ತಪ್ಪುತ್ತದೆ. ತಪ್ಪಿದೆಯೆಂದು ಕಣಜವಾಗಲಿ ಕಡತವಾಗಲಿ ಕೂಗಿ ಹೇಳುವುದಿಲ್ಲ. ಯಂತ್ರದ ಉಗ್ರಾಣದಲ್ಲಿಯೂ ಅಪಾಯ ಇದೇ ಬಗೆಯದು. ಸ್ಥಿರವಾಗಿರಬೇಕಾದ ಸಂಖ್ಯೆಯೂ ಬದಲಾಗಬೇಕಾದ ಸಂಖ್ಯೆಯೂ ಒಂದೇ ಬಗೆಯ ಗಾಲಿಗಳ ಮೇಲೆ ಕುಳಿತಿರುತ್ತವೆ. ಅವುಗಳಲ್ಲಿ ಭೇದವನ್ನು ಕಲ್ಪಿಸುವುದು ಕ್ರಮವಿಧಿಯನ್ನು ರಚಿಸುವವರ ಹೊಣೆ.

ಟಿಪ್ಪಣಿಗಳ ರಚನೆ

1840ರಲ್ಲಿ ಬ್ಯಾಬೇಜನು ಇಟಲಿಯ ಟ್ಯೂರಿನ್ ನಗರದಲ್ಲಿ ತನ್ನ ಯಂತ್ರವನ್ನು ಕುರಿತು ವಿದ್ವಾಂಸರಿಗೆ ವಿವರಿಸಿದ. ಅಲ್ಲಿದ್ದ ತರುಣ ಸೇನಾ ಇಂಜಿನಿಯರ್ ಲೂಯಿಜಿ ಮೆನಬ್ರಿಯಾ ಅದನ್ನು ಆಧರಿಸಿ ಫ್ರೆಂಚ್ ಭಾಷೆಯಲ್ಲಿ ಲೇಖನವೊಂದನ್ನು ರಚಿಸಿ 1842ರಲ್ಲಿ ಜಿನೀವಾದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಮುಂದೆ ಈತನೇ ಇಟಲಿಯ ಪ್ರಧಾನಮಂತ್ರಿಯಾದ. ಏಡಾ ಆ ಲೇಖನವನ್ನು ಇಂಗ್ಲಿಷಿಗೆ ಅನುವಾದಿಸಿದಳು. ವಿಷಯವನ್ನು ಇಷ್ಟು ಬಲ್ಲವಳು ಸ್ವತಂತ್ರ ಲೇಖನವನ್ನೇಕೆ ಬರೆಯಲಿಲ್ಲವೆಂದು ಬ್ಯಾಬೇಜ್ ಕೇಳಿದಾಗ, ಆ ಯೋಚನೆಯೇ ತನಗೆ ಹೊಳೆಯಲಿಲ್ಲವೆಂದು ಆಕೆ ಉತ್ತರಿಸಿದಳಂತೆ. ಆತನ ಸಲಹೆಯಂತೆ ಅನುವಾದಕ್ಕೆ ಟಿಪ್ಪಣಿಗಳನ್ನು ಸೇರಿಸತೊಡಗಿದಳು. 1843ರ ಬೇಸಗೆಯೆಲ್ಲ ಅದೇ ಕಾಯಕವಾಯಿತು. ಇಬ್ಬರ ನಡುವೆ ಪತ್ರಗಳು ಎಡೆಬಿಡದೆ ಓಡಾಡಿದವು. ಕೊನೆಗೆ ಏಳು ಟಿಪ್ಪಣಿಗಳು ಮೂಲ ಲೇಖನದ ಸುಮಾರು ಮೂರರಷ್ಟು ಬೆಳೆದವು. ಆ ವರ್ಷವೇ ಅವು ಲಂಡನ್ನಿನ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾದವು. ಲೇಖಕಿಯ ಹೆಸರಿನ ಸ್ಥಳದಲ್ಲಿ ಆಕೆಯ ಹೆಸರಿನ ಮೂರು ಮೊದಲಕ್ಷರಗಳು ಮಾತ್ರ ಇದ್ದವು.

ಸಂಕೇತದ ಹಿರಿಮೆ

ಬೀಜಗಣಿತದಲ್ಲಿ ಎಕ್ಸ್ ಎಂಬ ರಾಶಿ ಎಕ್ಸ್ ಕೂಡಿಸು ಒಂದಕ್ಕೆ ಸಮವೆಂದು ಬರೆದರೆ ಅದು ಅಸಂಬದ್ಧ. ಯಾವ ಸಂಖ್ಯೆಯೂ ತನಗಿಂತ ಒಂದು ಹೆಚ್ಚಿನ ಸಂಖ್ಯೆಗೆ ಸಮವಾಗಲಾರದು. ಆದರೆ ಯಂತ್ರದಲ್ಲಿ ಒಂದು ಸ್ತಂಭದ ಸಂಖ್ಯೆಗೆ ಒಂದನ್ನು ಕೂಡಿಸಿ ಫಲವನ್ನು ಅದೇ ಸ್ತಂಭದಲ್ಲಿ ಇಡುವುದು ಕ್ಷಣಕ್ಷಣದ ಕೆಲಸ. ಸಮಾಧಾನವೇನೆಂದರೆ, ಗಣಿತದ ಸಮೀಕರಣದಲ್ಲಿ ಕಾಲವೆಂಬುದು ಇಲ್ಲ, ಯಂತ್ರದ ಕಾರ್ಯದಲ್ಲಿ ಕಾಲವಿದೆ. ಸ್ತಂಭದ ಹೆಸರು ಒಂದೇ; ಅದರಲ್ಲಿ ಮೊದಲಿದ್ದ ಸಂಖ್ಯೆ ಬೇರೆ, ಅನಂತರ ಬಂದ ಸಂಖ್ಯೆ ಬೇರೆ.

ಏಡಾಳ ಟಿಪ್ಪಣಿಗಳಲ್ಲಿ ಈ ಭೇದಕ್ಕೆ ಸ್ಪಷ್ಟವಾದ ಚಿಹ್ನೆಯುಂಟು. ಪ್ರತಿ ಸ್ತಂಭವನ್ನೂ ಒಂದು ಅಕ್ಷರದಿಂದ ಸೂಚಿಸಿ, ಅಕ್ಷರದ ಕೆಳಗೆ ಬಲಕ್ಕೆ ಸ್ತಂಭದ ಕ್ರಮಸಂಖ್ಯೆಯನ್ನು ಬರೆಯಲಾಗಿದೆ. ಮೇಲೆ ಎಡಕ್ಕೆ ಇನ್ನೊಂದು ಅಂಕೆಯಿದೆ. ಸ್ತಂಭ ಬರಿದಾಗಿದ್ದಾಗ ಆ ಮೇಲಂಕೆ ಸೊನ್ನೆ; ಮೊದಲ ಬೆಲೆ ಬಂದಾಗ 1; ಬೆಲೆ ಬದಲಾದಾಗ 2; ಮತ್ತೆ ಬದಲಾದಾಗ 3. ಕೆಳಗಿನ ಅಂಕೆ ಎಂದಿಗೂ ಬದಲಾಗದು. ಅದು ಸ್ಥಳದ ಗುರುತು. ಮೇಲಿನ ಅಂಕೆ ಬದಲಾವಣೆಯ ಇತಿಹಾಸ. ಸ್ತಂಭಗಳನ್ನು ಅವುಗಳ ಕಾರ್ಯಕ್ಕೆ ಅನುಗುಣವಾಗಿ ದತ್ತಸಂಖ್ಯೆಗಳನ್ನು ಹೊತ್ತವು, ನಡುವಣ ಕೆಲಸಕ್ಕೆ ಬಳಸುವವು, ಅಂತಿಮ ಫಲವನ್ನು ಪಡೆಯುವವು ಎಂದು ಮೂರು ವರ್ಗಗಳಾಗಿಯೂ ವಿಂಗಡಿಸಲಾಗಿದೆ.

ಇದರ ಪೂರ್ಣ ಪ್ರಯೋಗ ಕೊನೆಯ ಟಿಪ್ಪಣಿಯಲ್ಲಿದೆ. ಅಲ್ಲಿ ಏಡಾ ಬರ್ನೂಲಿ ಸಂಖ್ಯೆಗಳೆಂಬ ಪ್ರಸಿದ್ಧ ಸಂಖ್ಯಾಮಾಲೆಯನ್ನು ಆರಿಸಿಕೊಂಡಳು. ಈ ಆಯ್ಕೆಯಲ್ಲಿ ಒಂದು ಸ್ವಾರಸ್ಯವಿದೆ. ಮೆನಬ್ರಿಯಾ ತನ್ನ ಲೇಖನದಲ್ಲಿ ಪೈ ಮತ್ತು ಬರ್ನೂಲಿ ಸಂಖ್ಯೆಗಳಂತಹ ಸದಾ ಬೇಕಾಗುವ ಸ್ಥಿರಾಂಕಗಳನ್ನು ಮತ್ತೆ ಮತ್ತೆ ಗಣಿಸದೆ ಪಟ್ಟಿಗಳ ಮೂಲಕ ಸಿದ್ಧರೂಪದಲ್ಲಿಯೇ ಯಂತ್ರಕ್ಕೆ ಒದಗಿಸಬಹುದೆಂದು ಸೂಚಿಸಿದ್ದ. ಏಡಾ ಆ ಸ್ಥಿರಾಂಕಗಳನ್ನು ಯಂತ್ರವೇ ಗಣಿಸಿ ಕೊಡುವಂತೆ ಕ್ರಿಯೆಗಳ ಕೋಷ್ಟಕವನ್ನು ರಚಿಸಿದಳು. ಅದರ ಬೀಜಗಣಿತವನ್ನು ಬ್ಯಾಬೇಜ್ ತಾನೇ ಮಾಡಿಕೊಟ್ಟನೆಂದೂ, ಅದರಲ್ಲಿದ್ದ ಒಂದು ದೊಡ್ಡ ತಪ್ಪನ್ನು ಆಕೆ ಕಂಡುಹಿಡಿದು ಹಿಂತಿರುಗಿಸಿದಳೆಂದೂ ಆತನೇ 1864ರ ತನ್ನ ಆತ್ಮಕಥನದಲ್ಲಿ ಒಪ್ಪಿಕೊಂಡಿದ್ದಾನೆ.

ಕೋಷ್ಟಕದಲ್ಲಿ 25 ಕ್ರಿಯೆಗಳಿವೆ. ಮೊದಲನೆಯ ಸ್ತಂಭದಲ್ಲಿ 1, ಎರಡನೆಯದರಲ್ಲಿ 2, ಮೂರನೆಯದರಲ್ಲಿ ಎನ್ ಎಂಬ ರಾಶಿ. ಮಾಲೆಯ ನಾಲ್ಕನೆಯ ಸಂಖ್ಯೆಯನ್ನು ಪಡೆಯಬೇಕಾದುದರಿಂದ ಎನ್ ಇಲ್ಲಿ 4. ಮೊದಲ ಕ್ರಿಯೆಯಲ್ಲಿ 2ನ್ನು 4ರಿಂದ ಗುಣಿಸಿ ಬಂದ 8ನ್ನು 4, 5, 6ನೆಯ ಸ್ತಂಭಗಳು ಮೂರರಲ್ಲಿಯೂ ಇಡಲಾಗುತ್ತದೆ. ಒಂದೇ ಸಂಖ್ಯೆಗೆ ಮೂರು ಸ್ಥಳಗಳೇಕೆ? ಮುಂದಿನ ಕ್ರಿಯೆಯಲ್ಲಿ 4ನೆಯ ಸ್ತಂಭದಿಂದ ಒಂದು ಕಳೆದು ಅದು 7 ಆಗುತ್ತದೆ. ಆ ಬಳಿಕ 5ನೆಯದಕ್ಕೆ ಒಂದು ಕೂಡಿ ಅದು 9 ಆಗುತ್ತದೆ. 6ನೆಯದರಲ್ಲಿ 8 ಹಾಗೆಯೇ ಕಾದಿರುತ್ತದೆ, ಏಕೆಂದರೆ ಮುಂದೆ ಅದು ಬೇಕಾಗಲಿದೆ. ಬೆಲೆ ಬದಲಾದೊಡನೆ ಹಳೆಯದು ಅಳಿಯುತ್ತದೆ. ಬೇಕಾದುದನ್ನು ಮೊದಲೇ ಕಾದಿರಿಸಬೇಕು ಎಂಬ ಮುಂದಾಲೋಚನೆ ಇಲ್ಲಿ ಎದ್ದು ಕಾಣುತ್ತದೆ.

ಮೊತ್ತವನ್ನು ಕೂಡಿಡುವುದು 13ನೆಯ ಸ್ತಂಭ. ಅದರಲ್ಲಿ ಮೊದಲು −7/18, ಬಳಿಕ 5/18, ಅನಂತರ −17/90, ಕೊನೆಗೆ 1/30 ಹೀಗೆ ನಾಲ್ಕು ಬೆಲೆಗಳು ಬಂದುಹೋಗುತ್ತವೆ. ಕೊನೆಯದರ ಚಿಹ್ನೆಯನ್ನು ತಿರುಗಿಸಿದರೆ ಬೇಕಾದ ಸಂಖ್ಯೆ −1/30 ದೊರೆಯುತ್ತದೆ. ಹತ್ತನೆಯ ಸ್ತಂಭ ಇನ್ನೆಷ್ಟು ಆವೃತ್ತಿಗಳು ಉಳಿದಿವೆ ಎಂಬುದನ್ನು 3, 2, 1 ಎಂದು ಇಳಿಯೆಣಿಕೆಯಿಂದ ತಿಳಿಸುತ್ತದೆ. 13ರಿಂದ 23ರವರೆಗಿನ ಕ್ರಿಯೆಗಳು ಮರಳಿ ನಡೆಯುತ್ತವೆ; ಪಟ್ಟಿಗಳು ಅವೇ, ಸ್ತಂಭಗಳಲ್ಲಿನ ಬೆಲೆಗಳು ಬೇರೆ.

ಇಷ್ಟೆಲ್ಲ ಏರಿಳಿತಗಳ ನಡುವೆ ಮೊದಲನೆಯ ಮತ್ತು ಎರಡನೆಯ ಸ್ತಂಭಗಳ ಮೇಲಂಕೆ ಆದಿಯಿಂದ ಅಂತ್ಯದವರೆಗೆ 1 ಆಗಿಯೇ ಉಳಿದಿದೆ. ಪದೇ ಪದೇ ಅವುಗಳಿಂದ ಸಂಖ್ಯೆಯನ್ನು ಪಡೆಯಲಾಗುತ್ತದೆ. ಒಮ್ಮೆಯೂ ಅವುಗಳಿಗೆ ಹೊಸ ಬೆಲೆಯನ್ನು ಕೊಡುವುದಿಲ್ಲ. ಹೆಸರಿನಲ್ಲಿ ಚರಗಳಾದರೂ ನಡತೆಯಲ್ಲಿ ಅವು ಸ್ಥಿರಾಂಕಗಳು. ಮೂರನೆಯ ಸ್ತಂಭದ ಕಥೆ ಇನ್ನೂ ಮಾರ್ಮಿಕ. ಒಂದು ಸಂಖ್ಯೆಯನ್ನು ಗಣಿಸಿ ಮುಗಿಸುವವರೆಗೆ ಎನ್ ಅಚಲ. 25ನೆಯ ಕ್ರಿಯೆಯಲ್ಲಿ ಅದಕ್ಕೆ ಒಂದು ಕೂಡಿ 5 ಆಗುತ್ತದೆ. ಇಡೀ ಕೋಷ್ಟಕ ಮುಂದಿನ ಸಂಖ್ಯೆಗಾಗಿ ಮೊದಲಿನಿಂದ ಆರಂಭವಾಗುತ್ತದೆ. ಒಂದು ಸುತ್ತಿನೊಳಗೆ ನೋಡಿದರೆ ಸ್ಥಿರ, ಸುತ್ತುಗಳ ಸಾಲನ್ನು ನೋಡಿದರೆ ಚರ. ಹಾಗೆಯೇ 24ನೆಯ ಸ್ತಂಭದಲ್ಲಿ ಈಗ ಫಲವಾಗಿ ದೊರೆತ ಸಂಖ್ಯೆ ಮುಂದಿನ ಸುತ್ತಿಗೆ ಬದಲಾಗದ ದತ್ತಾಂಶವಾಗುತ್ತದೆ. ಸ್ಥಿರವೆಂದರೆ ಎಂದೆಂದಿಗೂ ಬದಲಾಗದುದು ಎಂಬುದಕ್ಕಿಂತ, ಎಷ್ಟು ಕಾಲ ಬದಲಾಗಕೂಡದು, ಯಾವ ಎಲ್ಲೆಯೊಳಗೆ ಬದಲಾಗಕೂಡದು ಎಂದು ನಿಶ್ಚಯಿಸಿದುದು ಎಂಬ ತತ್ತ್ವ ಆ ಒಂದು ಪುಟದ ಕೋಷ್ಟಕದಲ್ಲಿ ಅಡಗಿದೆ.

ಕೋಷ್ಟಕ ದೋಷರಹಿತವಲ್ಲ. ನಾಲ್ಕನೆಯ ಕ್ರಿಯೆಯಲ್ಲಿ ಭಾಜ್ಯ, ಭಾಜಕಗಳು ಅದಲುಬದಲಾಗಿ, 7ನ್ನು 9ರಿಂದ ಭಾಗಿಸುವ ಬದಲು 9ನ್ನು 7ರಿಂದ ಭಾಗಿಸುವಂತೆ ಅಚ್ಚಾಗಿದೆ. ಯಂತ್ರವೇ ಇಲ್ಲದುದರಿಂದ ತಪ್ಪನ್ನು ತೋರಿಸಿಕೊಡುವ ಪರೀಕ್ಷೆ ನಡೆಯುವಂತಿರಲಿಲ್ಲ. ಬ್ಯಾಬೇಜನ ಅಪ್ರಕಟಿತ ಕಾಗದಗಳಲ್ಲಿ ಇದಕ್ಕೂ ಹಿಂದಿನ ಕೆಲವು ಕ್ರಿಯಾಪಟ್ಟಿಗಳಿರುವುದರಿಂದ, ಟಿಪ್ಪಣಿಗಳಲ್ಲಿ ಯಾರ ಪಾಲೆಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯಗಳೂ ಇವೆ. ಆದರೆ ವಿಷಯದ ಆಳವನ್ನು ಅರಿತು, ಅದನ್ನು ಕ್ರಮವಾಗಿ ನಿರೂಪಿಸಿ, ಲೋಕದ ಮುಂದೆ ಇಟ್ಟವಳು ಏಡಾ ಎಂಬುದು ನಿರ್ವಿವಾದ. ಯಂತ್ರವು ಸಂಖ್ಯೆಗಳನ್ನಲ್ಲದೆ ನಿಯಮಬದ್ಧವಾದ ಸಂಗೀತಸ್ವರಗಳಂತಹ ಸಂಕೇತಗಳನ್ನೂ ನಿರ್ವಹಿಸಬಹುದೆಂದು ಆಕೆ ಮುಂಗಂಡಳು. ಯಂತ್ರಕ್ಕೆ ಸ್ವಂತವಾಗಿ ಹೊಸದನ್ನು ಸೃಷ್ಟಿಸುವ ಶಕ್ತಿಯಿಲ್ಲ, ವಿಧಿಸಿದುದನ್ನಷ್ಟೇ ಅದು ನಡೆಸಬಲ್ಲದು ಎಂಬ ಎಚ್ಚರಿಕೆಯನ್ನೂ ನೀಡಿದಳು.

ಭಿನ್ನಾಭಿಪ್ರಾಯ ಮತ್ತು ಅಂತ್ಯ

ಟಿಪ್ಪಣಿಗಳು ಅಚ್ಚಿಗೆ ಸಿದ್ಧವಾದಾಗ ಬಿಕ್ಕಟ್ಟೊಂದು ತಲೆದೋರಿತು. ಸರ್ಕಾರ 1842ರಲ್ಲಿ ವ್ಯತ್ಯಾಸ ಯಂತ್ರಕ್ಕೆ ನೆರವನ್ನು ನಿಲ್ಲಿಸಿತ್ತು. ಕುಪಿತನಾದ ಬ್ಯಾಬೇಜ್ ಸರ್ಕಾರವನ್ನು ಟೀಕಿಸುವ ಹೇಳಿಕೆಯೊಂದನ್ನು ತನ್ನ ಹೆಸರಿಲ್ಲದೆ ಈ ಲೇಖನದೊಡನೆ ಸೇರಿಸಬಯಸಿದ. ಏಡಾ ಒಪ್ಪಲಿಲ್ಲ. ಹಾಗಾದರೆ ಅನುವಾದವನ್ನೇ ಹಿಂದಕ್ಕೆ ಪಡೆಯಬೇಕೆಂದು ಆತ ಸೂಚಿಸಿದಾಗಲೂ ಆಕೆ ಮಣಿಯಲಿಲ್ಲ. ಶಾಸ್ತ್ರವಿಷಯದ ಲೇಖನ ಸ್ವಂತ ಜಗಳದ ವಾಹನವಾಗಕೂಡದೆಂಬುದು ಆಕೆಯ ನಿಲುವು. ಯಂತ್ರದ ನಿರ್ಮಾಣಕ್ಕೆ ಬೇಕಾದ ವ್ಯವಹಾರಗಳನ್ನು ತಾನು ವಹಿಸಿಕೊಳ್ಳುವೆನೆಂದು 1843ರ ಆಗಸ್ಟ್ ತಿಂಗಳಲ್ಲಿ ಆಕೆ ಮುಂದೆ ಬಂದಾಗ ಬ್ಯಾಬೇಜ್ ನಿರಾಕರಿಸಿದ. ಆದರೂ ಸ್ನೇಹ ಮುರಿಯಲಿಲ್ಲ, ಕೊನೆಯವರೆಗೂ ಉಳಿಯಿತು.

ಇತ್ತ ಆರೋಗ್ಯ ಕ್ಷೀಣಿಸುತ್ತ ಬಂದಿತು. ಇಂತಹ ಕಠಿನ ಗಣಿತಚಿಂತನೆಯನ್ನು ಹೆಣ್ಣಿನ ದೇಹ ತಾಳಲಾರದೆಂಬ ಅಳುಕನ್ನು ಡಿ ಮಾರ್ಗನ್ 1844ರಲ್ಲಿ ಆಕೆಯ ತಾಯಿಗೆ ಬರೆದು ತಿಳಿಸಿದ. ಅದೇ ಪತ್ರದಲ್ಲಿ ಶಿಷ್ಯೆಯ ಅಸಾಧಾರಣ ಸಾಮರ್ಥ್ಯವನ್ನು ಹೊಗಳಿದ್ದಾನೆ. ಏಡಾ ಮತ್ತೆ ಅಂತಹ ಇನ್ನೊಂದು ಗ್ರಂಥವನ್ನು ರಚಿಸಲಿಲ್ಲ. ಕುದುರೆ ಜೂಜಿನ ವ್ಯಸನಕ್ಕೆ ಸಿಲುಕಿ ಸಾಲಗಾರಳಾದಳು. ಮನೆತನದ ವಜ್ರಾಭರಣಗಳನ್ನೂ ಒತ್ತೆಯಿಟ್ಟಳು. ಗರ್ಭಕೋಶದ ಅರ್ಬುದರೋಗದಿಂದ ತಿಂಗಳುಗಟ್ಟಲೆ ನರಳಿ 1852ನೆಯ ನವೆಂಬರ್ 27ರಂದು ಲಂಡನ್ನಿನಲ್ಲಿ ಕೊನೆಯುಸಿರೆಳೆದಳು. ತಂದೆಯಂತೆ ಆಕೆಗೂ ಆಗ 36 ವರ್ಷ. ಆಕೆಯ ಇಚ್ಛೆಯಂತೆ ದೇಹವನ್ನು ನಾಟಿಂಗ್‌ಹ್ಯಾಮ್ ಪ್ರಾಂತದ ಹಕ್‌ನಲ್ ಎಂಬಲ್ಲಿನ ಚರ್ಚಿನಲ್ಲಿ, ಬಾಳಿನಲ್ಲಿ ಕಾಣದ ತಂದೆಯ ಸಮಾಧಿಯ ಪಕ್ಕದಲ್ಲಿಯೇ ಇರಿಸಲಾಯಿತು.

ಏಡಾ ಎಂಬ ಭಾಷೆ

ಸುಮಾರು ನೂರು ವರ್ಷ ಆ ಟಿಪ್ಪಣಿಗಳನ್ನು ಹೆಚ್ಚು ಮಂದಿ ಓದಲಿಲ್ಲ. ವಿದ್ಯುನ್ಮಾನ ಗಣಕಯಂತ್ರಗಳು ಬಂದ ಬಳಿಕ ಅವು ಮತ್ತೆ ಬೆಳಕಿಗೆ ಬಂದವು. ಯಂತ್ರಗಳು ಯೋಚಿಸಬಲ್ಲವೇ ಎಂಬ ಪ್ರಶ್ನೆಯನ್ನು ಕುರಿತ 1950ರ ಪ್ರಬಂಧದಲ್ಲಿ ಅಲನ್ ಟ್ಯೂರಿಂಗ್ ಆಕೆಯ ಎಚ್ಚರಿಕೆಯನ್ನು ಹೆಸರಿಟ್ಟು ಚರ್ಚಿಸಿದ. 1953ರಲ್ಲಿ ಟಿಪ್ಪಣಿಗಳು ಇಂಗ್ಲೆಂಡಿನಲ್ಲಿ ಪುನರ್ಮುದ್ರಣಗೊಂಡವು.

ಅಷ್ಟರಲ್ಲಿ ಆಕೆ ಕಂಡಿದ್ದ ಪ್ರಶ್ನೆ ನಿಜವಾದ ಯಂತ್ರಗಳಲ್ಲಿ ತಲೆಯೆತ್ತಿತ್ತು. 1957ರಲ್ಲಿ ಹೊರಬಂದ ಫೋರ್‌ಟ್ರಾನ್ ಭಾಷೆಯಲ್ಲಿ ಬೆಲೆಯನ್ನು ಬದಲಿಸುವುದಕ್ಕೆ ಸಮಚಿಹ್ನೆಯನ್ನೇ ಬಳಸಿದರು. ಬೀಜಗಣಿತ ಓದಿದವರಿಗೆ ಅಸಂಬದ್ಧವಾಗಿ ತೋರುವ ವಾಕ್ಯ ಹೀಗೆ ಸರ್ವಸಾಮಾನ್ಯವಾಯಿತು. ಆ ಕಾಲದ ಕೆಲವು ಯಂತ್ರಗಳಲ್ಲಿ ವಿಚಿತ್ರವಾದ ಅನಾಹುತವೊಂದೂ ಸಾಧ್ಯವಿತ್ತು. ಉಪಕ್ರಮವಿಧಿಯೊಂದಕ್ಕೆ 2 ಎಂಬ ಸಂಖ್ಯೆಯನ್ನು ಒಪ್ಪಿಸಿದಾಗ ಅದು ತನಗೆ ದೊರೆತ ಸ್ಥಳದ ಬೆಲೆಯನ್ನು ಬದಲಿಸಿಬಿಟ್ಟರೆ, ಅಲ್ಲಿಂದ ಮುಂದೆ ಆ ಕ್ರಮವಿಧಿಯಲ್ಲಿ 2 ಎಂದು ಬರೆದ ಕಡೆಯೆಲ್ಲ ಬೇರೊಂದು ಸಂಖ್ಯೆ ಬರುತ್ತಿತ್ತು. ಸೇರಿನ ಬಾಯಂಚು ಸವೆದಂತೆಯೇ ಇದು.

1970ರ ದಶಕದಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತಾನು ಬಳಸುತ್ತಿದ್ದ ನೂರಾರು ಕ್ರಮವಿಧಿ ಭಾಷೆಗಳ ಗೊಂದಲವನ್ನು ನಿವಾರಿಸಲು ಹೊಸ ಭಾಷೆಯೊಂದನ್ನು ಸ್ಪರ್ಧೆಯ ಮೂಲಕ ಆರಿಸಿತು. ಫ್ರಾನ್ಸಿನ ಜಾನ್ ಇಷ್‌ಬಿಯಾ ನೇತೃತ್ವದ ತಂಡ ರಚಿಸಿದ ಆ ಭಾಷೆಗೆ 1979ರಲ್ಲಿ ಏಡಾ ಎಂದು ನಾಮಕರಣವಾಯಿತು. ಅದರ ಮಾನಕ ಗ್ರಂಥಕ್ಕೆ ಆಕೆಯ ಜನ್ಮವರ್ಷವಾದ 1815ನ್ನೇ ಸಂಖ್ಯೆಯಾಗಿ ಕೊಟ್ಟು, 1980ರಲ್ಲಿ ಆಕೆಯ ಜನ್ಮದಿನವಾದ ಡಿಸೆಂಬರ್ 10ರಂದು ಅನುಮೋದಿಸಿದರು.

ಏಡಾ ಭಾಷೆಯಲ್ಲಿ ಬೆಲೆಯನ್ನು ಇರಿಸುವ ಚಿಹ್ನೆ ಬೇರೆ, ಸಮತೆಯ ಚಿಹ್ನೆ ಬೇರೆ. ಒಂದು ರಾಶಿ ಬದಲಾಗಕೂಡದೆಂದಿದ್ದರೆ ಅದನ್ನು ಘೋಷಿಸುವಾಗಲೇ ಕಾನ್‌ಸ್ಟಂಟ್ ಎಂಬ ಪದವನ್ನು ಬರೆಯಬೇಕು. ಮುಂದೆ ಎಲ್ಲಿಯಾದರೂ ಅದಕ್ಕೆ ಹೊಸ ಬೆಲೆಯನ್ನು ಕೊಡಹೊರಟರೆ ಕಂಪೈಲರ್ ಎಂಬ ಅನುವಾದಕ ಆ ಕ್ರಮವಿಧಿಯನ್ನೇ ತಿರಸ್ಕರಿಸುತ್ತದೆ. ಉಪಕ್ರಮವಿಧಿಯೊಳಗೆ ಘೋಷಿಸಿದ ಸ್ಥಿರಾಂಕ ಪ್ರತಿ ಕರೆಯಲ್ಲಿಯೂ ಬೇರೆ ಬೆಲೆಯನ್ನು ಪಡೆಯಬಹುದು. ಆ ಕರೆ ಮುಗಿಯುವವರೆಗೆ ಮಾತ್ರ ಅದು ಅಲುಗದು. ಆವೃತ್ತಿಗಳನ್ನು ಎಣಿಸುವ ರಾಶಿಯೂ ಒಂದು ಸುತ್ತಿನೊಳಗೆ ಸ್ಥಿರ. ಸುತ್ತು ಮುಗಿದ ಮೇಲೆ ಮುಂದಿನ ಬೆಲೆಗೆ ಸಾಗುತ್ತದೆ. 1843ರ ಕೋಷ್ಟಕದ ಮೂರನೆಯ ಸ್ತಂಭದಲ್ಲಿ ಎನ್ ಎಂಬ ರಾಶಿ ನಡೆದುಕೊಂಡದ್ದೂ ಹೀಗೆಯೇ. ಅಂದು ಲೇಖಕಿಯ ಎಚ್ಚರ ಕಾದುದನ್ನು ಇಂದು ಆಕೆಯ ಹೆಸರಿನ ಭಾಷೆಯ ನಿಯಮ ಕಾಯುತ್ತಿದೆ.

ಉಪಸಂಹಾರ

ಏಡಾಳ ಬಾಳು ಬಹುಬಗೆಯ ಬದಲಾವಣೆಗಳ ಬಾಳು. ಹುಟ್ಟಿನ ಬೈರನ್ ಹೆಸರು ಹೋಗಿ ಕಿಂಗ್ ಆಯಿತು, ಕಿಂಗ್ ಹೋಗಿ ಲವ್‌ಲೇಸ್ ಆಯಿತು. ಆರೋಗ್ಯ ಬಂದಿತು, ಹೋಯಿತು. ಐಶ್ವರ್ಯ ಇದ್ದಿತು, ಕರಗಿತು. ಆಕೆಯ ದೌರ್ಬಲ್ಯಗಳನ್ನು ಮರೆಮಾಚಬೇಕಾದುದಿಲ್ಲ. ಇವೆಲ್ಲದರ ನಡುವೆ ಒಂದು ಮಾತ್ರ ಬದಲಾಗಲಿಲ್ಲ: ಅರಿಯದುದನ್ನು ಅರಿತೆನೆಂದು ಒಪ್ಪಿಕೊಳ್ಳದ ಬುದ್ಧಿಯ ಪ್ರಾಮಾಣಿಕತೆ. ಬೀಜಗಣಿತದ ಪುಸ್ತಕವನ್ನು ತೆರೆದಾಗಲೆಲ್ಲ ವಿದ್ಯಾರ್ಥಿಗಳು ಒಂದೊಂದು ಅಕ್ಷರವನ್ನೂ ನಿಲ್ಲಿಸಿ ಇದು ಬದಲಾಗುವುದೇ, ಬದಲಾಗಕೂಡದುದೇ, ಎಲ್ಲಿಯವರೆಗೆ ಎಂದು ಕೇಳುವುದನ್ನು ರೂಢಿಸಿಕೊಂಡರೆ, ಗಣಿತವೂ ಗಣಕವಿಜ್ಞಾನವೂ ಅವರಿಗೆ ಸುಲಭವಾಗಿ ಒಲಿಯುತ್ತವೆ. ಆ ಪ್ರಶ್ನೆಯನ್ನು ಕೇಳಲು ಯಂತ್ರವು ಎದುರಿಗೆ ಇರಲೇಬೇಕೆಂದಿಲ್ಲ; ಏಡಾಳ ಎದುರಿಗೂ ಇರಲಿಲ್ಲ.